ಸೋಸದ ನೀರು

ಭಗವಂತರಾಯ ಗೌಡನ ಎರಡೂ ಕಾಲಿಗೆ ನಾರುಹುಣ್ಣು ಏಳಬೇಕು, ಅವನು ತನ್ನ ಅಂಗಳದಲ್ಲಿ ತಾನೇ ತೆವಳಬೇಕು, ಅದನ್ನು ನಾನು ನಿಂತು ನೋಡಬೇಕು. ಏಳು ವರ್ಷ ನಾನು ಬಯಸಿದ್ದು ಇಷ್ಟೇ. ಓರಗೆಯವರು ನೌಕರಿ, ಮದುವೆ, ಮಕ್ಕಳು ಎಂದು ಆಸೆಪಡುವ ವಯಸ್ಸಿನಲ್ಲಿ ನಾನು ಒಬ್ಬನ ಕಾಲಿನಲ್ಲಿ ಹುಳ ಆಗಲಿ ಎಂದು ಹಂಬಲಿಸುತ್ತಿದ್ದೆ. ಅದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನಾರುಹುಣ್ಣು ಎಂದರೆ ಈಗಿನವರಿಗೆ ತಿಳಿಯದು. ಆಗ ನಮ್ಮ ಶಹಾಪುರ, ಸುರಪುರದ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರು ಕಾಲು ಚಾಚಿ ಕೂತಿರುತ್ತಿದ್ದರು. ಮೊದಲು ಪಾದದ ಬಳಿ ಒಂದು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೋ ಎರಡೋ ಸುತ್ತು ಮೆಲ್ಲಗೆ ಎಳೆಯಬೇಕು. ಎರಡು ಮೊಳದ ಹುಳ ಪೂರ್ತಿ ಹೊರಬರಲು ತಿಂಗಳೇ ಹಿಡಿಯುತ್ತದೆ. ನಡುವೆ ಹರಿದು ಅರ್ಧ ಒಳಗೇ ಉಳಿಯಿತೋ, ಕಾಲು ಕೊಳೆಯುತ್ತದೆ.

ನಮ್ಮಪ್ಪ ಅಯ್ಯಪ್ಪನ ಕಾಲಿನಲ್ಲಿ ಅದು ಹರಿದದ್ದು ಗೌಡನ ಆಳಿನ ಬಡಿಗೆಯಿಂದ.

ವನದುರ್ಗದಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಸಿಹಿನೀರಿನ ಬಾವಿ ಒಂದೇ. ಉಳಿದವೆಲ್ಲ ಸವುಳು. ಆ ಬಾವಿಗೆ ಮೂವತ್ತೆರಡು ಮೆಟ್ಟಿಲು. ಮೇಲಿನ ಓಣಿಯವರು ಕೆಳಗಿಳಿದು, ಮೊಣಕಾಲುಮಟ ನೀರಿನಲ್ಲಿ ನಿಂತು, ಕೊಡ ಮುಳುಗಿಸಿ ತುಂಬಿಕೊಳ್ಳುತ್ತಿದ್ದರು. ನಮ್ಮ ಕೇರಿಯವರು ಮೇಲೆ ಬೇವಿನ ಮರದಡಿ ಬರಿಗೊಡ ಇಟ್ಟುಕೊಂಡು ಕಾಯಬೇಕು. ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಸುರಿಯುತ್ತಿದ್ದರು. ಹಾಗೆ ದಿನವೂ ಸುರಿದವಳು ಕುರುಬರ ಓಣಿಯ ರೇಣಮ್ಮ ಒಬ್ಬಳೇ. ಅವಳು ಬಾರದ ದಿನ ನಮಗೆ ಹಳ್ಳದ ರಾಡಿ ನೀರೇ ಗತಿ. ಅವ್ವ ಅದನ್ನು ಸೀರೆಯ ಸೆರಗಿನಲ್ಲಿ ಸೋಸಿ ಕೊಡುತ್ತಿದ್ದಳು. ಅಪ್ಪ ಮಾತ್ರ ಕೂಲಿಗೆ ಹೋದಲ್ಲಿ ಸಿಕ್ಕ ನೀರು ಕುಡಿದು ಬರುತ್ತಿದ್ದ.

ನಲವತ್ತೇಳನೆಯ ಇಸವಿಯ ಬೇಸಿಗೆ. ಅಪ್ಪನ ಬಲಗಾಲಿನಿಂದ ಹುಳ ಅರ್ಧ ಹೊರಬಂದು ಕಡ್ಡಿಗೆ ಸುತ್ತಿಕೊಂಡಿತ್ತು. ಆ ಉರಿ ತಡೆಯುವಂಥದ್ದಲ್ಲ. ನೀರಿಗಿಟ್ಟರೆ ಮಾತ್ರ ತಣ್ಣಗಾಗುತ್ತದೆ. ಮಟಮಟ ಮಧ್ಯಾಹ್ನ ಬಾವಿಯ ಬಳಿ ಯಾರೂ ಇಲ್ಲದ್ದು ನೋಡಿ ಅಪ್ಪ ಮೆಟ್ಟಿಲು ಇಳಿದು ಕಾಲು ನೀರಿಗಿಟ್ಟ. ಒಂದು ಕೊಡ ತುಂಬುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಗೌಡನ ಆಳುಗಳು ಹಿಡಿದರು.

ಗೌಡ ಬೇವಿನ ಕಟ್ಟೆಯ ಮೇಲೆ ಕೂತು ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಯಾವ ಕಾಲು ಇಟ್ಟಾನ?"

"ಬಲಗಾಲ್ರಿ."

"ಅದಕ್ಕೇ ಹಾಕ್ರಿ."

ಹನ್ನೆರಡನೆಯ ದಿನ ಅಪ್ಪ ಸತ್ತ. ಕೊನೆಯ ಮೂರು ದಿನ ಆ ಕಾಲಿನ ವಾಸನೆಗೆ ಕೇರಿಯ ನಾಯಿ ಕೂಡ ನಮ್ಮ ಗುಡಿಸಲ ಹತ್ತಿರ ಬರಲಿಲ್ಲ.

ಮರುವರ್ಷ ನಿಜಾಮನ ರಾಜ್ಯ ಹೋಯಿತು. ಗೌಡ ಎಲ್ಲಿಗೂ ಹೋಗಲಿಲ್ಲ, ಟೋಪಿ ಬದಲಿಸಿದ. ನಿಜಾಮನ ತಹಶೀಲ್ದಾರನಿಗೆ ಹಾಕುತ್ತಿದ್ದ ಸಲಾಮನ್ನೇ ಹೊಸ ತಹಶೀಲ್ದಾರನಿಗೂ ಹಾಕಿದ. ನಾನು ಶಹಾಪುರದಲ್ಲಿ ಉರ್ದು ಶಾಲೆ ಓದಿದವನು. ಹೇಗೋ ಸರಕಾರಿ ಖಾಕಿ ಸಿಕ್ಕಿತು. ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ಚುಚ್ಚು ಹಾಕುವ ಕೆಲಸ. ನನ್ನ ಮೇಲಿನ ಸಾಹೇಬರು ಬಾಷುಮಿಯಾ ಎಂಬುವರು. ಒಳ್ಳೆಯ ಮನುಷ್ಯ. ನಾನು ಮುಟ್ಟಿದ ತಂಬಿಗೆಯಿಂದ ನೀರು ಕುಡಿದ ಮೊದಲ ಅಧಿಕಾರಿ ಅವರು.

ಐವತ್ತಮೂರರ ಬೇಸಿಗೆಯಲ್ಲಿ ಒಂದು ದಿನ ಬಾಷುಮಿಯಾ ಗಾಜಿನ ಲೋಟದಲ್ಲಿ ಬಾವಿ ನೀರು ಹಿಡಿದು ಬಿಸಿಲಿಗೆ ತೋರಿಸಿದರು. ಚುಕ್ಕೆಯಷ್ಟು ಸಣ್ಣ ಹುಳುಗಳು ಅದರಲ್ಲಿ ಪುಟಪುಟನೆ ಜಿಗಿಯುತ್ತಿದ್ದವು.

"ಮಂದಿ ಶಾಪ ಅಂತಾರ, ಪಾಪ ಅಂತಾರ. ಸುಳ್ಳು," ಎಂದರು. "ಹುಣ್ಣಿದ್ದವ ಮೆಟ್ಲ ಇಳಿದು ನೀರಾಗ ಕಾಲಿಟ್ರ ನಾರು ಮರಿ ಹಾಕ್ತದ. ಆ ಮರೀನ ಈ ಚುಕ್ಕಿ ಹುಳ ತಿಂತದ. ಈ ನೀರ ನಾವು ಕುಡಿತೀವಿ. ಒಂದು ವರ್ಷಕ್ಕ ಕಾಲಿನಾಗ ಹೊರಗ ಬರ್ತದ. ಕಸೂರ್ ಎಲ್ಲಾ ಮೆಟ್ಲಂದು. ಮೆಟ್ಲ ಮುಚ್ಚಿ, ಸುತ್ತ ಗ್ವಾಡಿ ಕಟ್ಟಿ, ಗಡಗಡಿ ಹಾಕಿ ಮ್ಯಾಲಿಂದ ನೀರು ಸೇದಿದ್ರ ಈ ಬ್ಯಾನಿ ಸಾಯ್ತದ. ಅಲ್ಲೀತನಕ ಬಟ್ಟಿ ಮಡಚಿ ಸೋಸಿ ಕುಡೀಬೇಕು."

ಅವರು ರೋಗ ಕೊಲ್ಲುವ ದಾರಿ ಹೇಳುತ್ತಿದ್ದರು. ನನಗೆ ಗೌಡನನ್ನು ಮುಗಿಸುವ ದಾರಿ ಕಂಡಿತು. ಊರೂರಿನ ಬಾವಿಗಳ ಪಟ್ಟಿ ಮಾಡಿ ತರಲು ಅವರು ನನ್ನನ್ನೇ ಕಳಿಸಿದರು. ಕಾಗದ ಇನ್ನೂ ಉರ್ದುವಿನಲ್ಲೇ ಇತ್ತು. ಹುಣ್ಣಿದ್ದವರು ಎಷ್ಟು, ಬಾವಿಗೆ ಮೆಟ್ಟಿಲು ಇವೆಯೇ, ಎಂದು ಎರಡೇ ಪ್ರಶ್ನೆ. ಇವೆ ಎಂದು ಬರೆದ ಬಾವಿಗೆ ಸರಕಾರದವರು ಬಂದು ಗೋಡೆ ಕಟ್ಟುತ್ತಾರೆ.

ನಮ್ಮೂರಿಗೆ ಹೋದಾಗ ಅಲ್ಲಿ ಒಂದು ದೊಡ್ಡ ಸಂಗತಿ ನಡೆದು ಮೂರು ತಿಂಗಳಾಗಿತ್ತು. ಹೊಸ ಕಾನೂನು ಹಿಡಿದುಕೊಂಡು ತಹಶೀಲ್ದಾರರು ಪೊಲೀಸರ ಸಮೇತ ಬಂದು ಸಿಹಿನೀರ ಬಾವಿಯನ್ನು ನಮ್ಮ ಕೇರಿಗೂ ತೆರೆದಿದ್ದರು. ಮೊದಲು ಇಳಿದವಳು ನಮ್ಮವ್ವ ದೇವಕಮ್ಮ. ಅಂದಿನಿಂದ ದಿನವೂ ಬೆಳಿಗ್ಗೆ ಗೌಡ ಕಟ್ಟೆಗೆ ಬರುವ ಹೊತ್ತು ನೋಡಿಕೊಂಡೇ ಹೋಗುತ್ತಿದ್ದಳಂತೆ. ಮೂವತ್ತೆರಡು ಮೆಟ್ಟಿಲನ್ನೂ ಒಂದೊಂದಾಗಿ ಇಳಿದು, ಮೊಣಕಾಲುಮಟ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಎತ್ತಿ ಅಲ್ಲೇ ಕುಡಿದು, ಆಮೇಲೆ ಕೊಡ ತುಂಬುತ್ತಿದ್ದಳು. ನಾನೂ ನೋಡಿದೆ. ಹುಣ್ಣಿಗೆ ಅರಿವೆ ಕಟ್ಟಿಕೊಂಡ ಮೇಲಿನ ಓಣಿಯ ಹೆಂಗಸರು ಅದೇ ನೀರಿನಲ್ಲಿ ನಿಂತಿದ್ದರು. ಎಣಿಸಿದರೆ ಒಂಬತ್ತು ಜನ. ಇವರನ್ನು ಎಂದೂ ಯಾರೂ ಕೇಳಿರಲಿಲ್ಲ ಯಾವ ಕಾಲು ಇಟ್ಟಿ ಎಂದು.

ಗೌಡ ಕಟ್ಟೆಯಿಂದ ನನ್ನನ್ನು ಕರೆದ. ನನ್ನ ಖಾಕಿ ನೋಡಿ ಲೇ ಎನ್ನಲೂ ಆಗದೆ, ರೀ ಎನ್ನಲೂ ಬಾಯಿ ಬಾರದೆ ಸ್ವಲ್ಪ ಒದ್ದಾಡಿದ.

"ಮೆಟ್ಲ ಮುಚ್ಚತಾರಂತಲ್ಲಪಾ? ಚೊಲೋ ಕೆಲಸ. ಜಲ್ದಿ ಮುಚ್ಚಿಸು. ಗಡಗಡಿ ಹಾಕಿಸು. ಹಗ್ಗ ನಾವ ಕೊಡ್ತೀವಿ, ನಮ್ಮ ಮನ್ಯಾಗ ಇರ್ತದ. ಮೆಟ್ಲ ಇಳೀಬಹುದು ಅಂತ ಕಾನೂನು ಅದ, ಗೌಡ್ರ ಹಗ್ಗ ಮುಟ್ಟಬಹುದು ಅಂತ ಎಲ್ಲಿ ಅದ?" ಎಂದು ನಕ್ಕ.

ಆ ನಗೆ ನೋಡಿ ನನ್ನ ಮೈ ಉರಿಯಿತು. ಸರಕಾರ ಕೊಟ್ಟದ್ದನ್ನು ಸರಕಾರದ ಕೈಯಿಂದಲೇ ಕಸಿದುಕೊಳ್ಳುವ ಹಂಚಿಕೆ ಅವನದು. ಗೌಡನ ಮನೆಗೆ ಹೋಗುವುದೂ ಇದೇ ಬಾವಿಯ ನೀರು ಎಂದು ನನಗೆ ಗೊತ್ತಿತ್ತು. ಅವನ ಎದುರಿಗೇ ಕಾಗದ ತೆಗೆದು, ಮೆಟ್ಟಿಲು ಇವೆಯೇ ಎಂಬಲ್ಲಿ 'ನಹೀಂ' ಎಂದು ಬರೆದೆ. ಗೌಡನಿಗೆ ಓದಲು ಬಾರದು. "ಬರಕೊಂಡೀನ್ರಿ ಗೌಡ್ರ," ಎಂದೆ. ಅಷ್ಟು ಮರ್ಯಾದೆಯಿಂದ ನಾನು ಅವನನ್ನು ಹಿಂದೆಂದೂ ಮಾತಾಡಿಸಿರಲಿಲ್ಲ.

ಹೊರಡುವಾಗ ಅವ್ವನಿಗೆ, "ನೀರು ಸೋಸಿ ಕುಡಿ. ಬಟ್ಟಿ ಮಡಚಿ ಸೋಸು," ಎಂದೆ.

"ಯಾಕ?"

ಯಾಕೆಂದು ಹೇಳಲಿಲ್ಲ. ಹೇಳಿದರೆ ಅವ್ವನ ಬಾಯಿಂದ ರೇಣಮ್ಮನಿಗೆ, ರೇಣಮ್ಮನಿಂದ ಬಾವಿಗೆ, ಬಾವಿಯಿಂದ ಗೌಡನ ಅಡುಗೆಮನೆಗೆ ಮಾತು ಹರಿಯುತ್ತದೆ. ನನ್ನ ಹಗೆ ತೀರಬೇಕಾದರೆ ಊರು ತಿಳಿಯದೆ ಕುಡಿಯಬೇಕಿತ್ತು. "ಹಂಗ, ಸ್ವಚ್ಛ ಇರ್ತದ," ಎಂದು ಮಾತು ತೇಲಿಸಿದೆ.

ಅವ್ವ ನಕ್ಕಳು. "ಹುಚ್ಚಪ್ಪಾ, ಹಳ್ಳದ ರಾಡಿ ಸೋಸ್ತಿದ್ವಿ. ಇದು ಗೌಡ್ರ ಬಾವಿ ನೀರು."

ಬಸ್ಸಿಗೆ ಹೊತ್ತಾಗಿತ್ತು. ಆಯಿತು ಎಂದಳೋ ಇಲ್ಲವೋ ಎಂದು ನಾನು ತಿರುಗಿ ಕೇಳಲಿಲ್ಲ.

ಒಂದು ವರ್ಷ ಕಾದೆ. ಯಾದಗಿರಿಯ ಕಡೆ ಕೆಲಸ ಹಾಕಿದ್ದರು, ಊರಿಗೆ ಹೋಗಲಾಗಲಿಲ್ಲ. ಹೋಗುವ ಅವಸರವೂ ನನಗಿರಲಿಲ್ಲ, ಹುಳಕ್ಕೆ ಒಂದು ವರ್ಷ ಬೇಕು. ಐವತ್ತನಾಲ್ಕರ ಬೇಸಿಗೆಯಲ್ಲಿ ಹುಣ್ಣಿನ ಲೆಕ್ಕ ಮತ್ತೊಮ್ಮೆ ತರಲು ಹೇಳಿದಾಗ ನಮ್ಮೂರನ್ನು ಮೊದಲು ಹಿಡಿದೆ. ಬಸ್ಸಿನಿಂದ ಇಳಿದವನು ಅವ್ವನ ಬಳಿಗೂ ಹೋಗದೆ ನೆಟ್ಟಗೆ ಗೌಡನ ಅಂಗಳಕ್ಕೆ ನಡೆದೆ. ಎದೆಯಲ್ಲಿ ಹಬ್ಬದ ಸಡಗರವಿತ್ತು ಎಂದರೆ ಸುಳ್ಳಲ್ಲ.

ಗೌಡ ಅಂಗಳದ ತುಂಬ ಓಡಾಡಿಕೊಂಡು ಎತ್ತಿನ ಮೈ ತಿಕ್ಕಿಸುತ್ತಿದ್ದ. ಧೋತರ ಮೇಲೆ ಕಟ್ಟಿದ್ದ. ಎರಡು ಕಾಲೂ ನುಣ್ಣಗೆ ಕಂಬದ ಹಾಗೆ ಇದ್ದವು.

"ಮನ್ಯಾಗ ಯಾರಿಗರೆ ಹುಣ್ಣು ಅದಾವೇನ್ರಿ?" ಎಂದು ಕೇಳಿದೆ.

ಬಾಗಿಲಲ್ಲಿ ಕೂತಿದ್ದ ಅವನ ಹೆಂಡತಿ ಮಲಕಮ್ಮ ಉತ್ತರ ಕೊಟ್ಟಳು. ಅವಳ ಮುಂದೆ ತಾಮ್ರದ ಹಂಡೆ, ಅದರ ಬಾಯಿಗೆ ಹೊಸ ಬಿಳಿಯ ಬಟ್ಟೆ. ಆಳುಮಗಳು ಕೊಡದ ನೀರನ್ನು ಅದರ ಮೇಲೆ ಮೆಲ್ಲಗೆ ಸುರಿಯುತ್ತಿದ್ದಳು.

"ಈ ಸರ್ತಿ ಒಬ್ಬರಿಗೂ ಇಲ್ಲ ನೋಡು. ಹಿಂದ ವರ್ಷಾ ವರ್ಷಾ ಒಂದೆರಡು ಏಳ್ತಿದ್ವು," ಎಂದಳು. "ನಿಮ್ಮ ಕೇರಿಯವರು ಬಾವ್ಯಾಗ ಕಾಲಿಟ್ಟ ದಿನದಿಂದ ನಾವು ಸೋಸದ ಒಂದು ಹನಿ ಮುಟ್ಟಿಲ್ಲ. ನಾಕು ಮಡಿಕಿ ಬಟ್ಟಿ. ನಿಮ್ಮ ಮೈಲಿಗಿ ಸೋಸಬೇಕಲ್ಲಪಾ."

ಅವಳು ಅದನ್ನು ಚುಚ್ಚಲು ಹೇಳಿದಳೋ, ಸಹಜವಾಗಿ ಹೇಳಿದಳೋ ತಿಳಿಯದು. ನಮ್ಮನ್ನು ಕಂಡರಾಗದ ಅವರ ಹೇಸಿಗೆಯೇ ಅವರನ್ನು ಕಾಪಾಡಿತ್ತು. ಬಾಷುಮಿಯಾ ಕಲಿಸಬೇಕೆಂದಿದ್ದ ಪಾಠವನ್ನು ಗೌಡತಿ ಯಾರೂ ಕಲಿಸದೆ ದಿನವೂ ತಪ್ಪದೆ ಮಾಡಿದ್ದಳು. ದೇವರೆಂಬುವನು ಇದ್ದರೆ ಅವನು ಗೌಡನ ಮನೆಯಲ್ಲೇ ಊಟ ಮಾಡುತ್ತಿರಬೇಕು.

ಅಲ್ಲಿಂದ ಮನೆ ಮನೆ ಎಣಿಸುತ್ತ ಹೋದೆ. ಮೇಲಿನ ಓಣಿಯ ಕೂಲಿಯವರ ಮನೆಗಳಲ್ಲಿ ಹನ್ನೊಂದು. ಕುರುಬರ ಓಣಿಯಲ್ಲಿ ಏಳು. ಅದರಲ್ಲಿ ರೇಣಮ್ಮ ಒಬ್ಬಳಿಗೇ ಎರಡೂ ಕಾಲಿಗೆ ನಾಲ್ಕು ನಾರು. ನಾನು ಗೌಡನಿಗೆ ಬಯಸಿದ ಹಾಗೆಯೇ ಅಂಗಳದಲ್ಲಿ ತೆವಳುತ್ತ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು.

"ಬಾರಪಾ ಮರಿಲಿಂಗ. ನಿಮ್ಮವ್ವನ್ನ ನೋಡಿದೇನು?" ಎಂದು ಕೇಳಿದಳು.

ನಮ್ಮ ಕೇರಿಯಲ್ಲಿ ಕಾಲು ನೆಟ್ಟಗಿದ್ದವರೇ ಕಡಿಮೆ. ಬಿತ್ತನೆಗೆ ಹೊಲ ಹಸನು ಮಾಡಬೇಕಾದ ಮಂದಿ ಗೋಡೆಗೊರಗಿ ಕಡ್ಡಿ ಸುತ್ತುತ್ತಿದ್ದರು. ಬಾವಿ ತೆರೆದಾಗ ಎಲ್ಲರೂ ಅವ್ವನನ್ನು ನೋಡಿ ಮೆಟ್ಟಿಲು ಇಳಿದವರು, ಅವ್ವನ ಹಾಗೆಯೇ ಬೊಗಸೆಯಲ್ಲಿ ಎತ್ತಿ ಕುಡಿದವರು. ಹತ್ತೊಂಬತ್ತು ಎಂದು ಬರೆದೆ. ಉಳಿದದ್ದು ಕೊನೆಯ ಮನೆ, ನಮ್ಮದು.

ಬಾಗಿಲು ದಾಟುವ ಮೊದಲು, ಹೋಲಿಸಲೆಂದು ಕಚೇರಿಯಿಂದ ತಂದಿದ್ದ ಹಳೆಯ ಕಾಗದ ತೆಗೆದು 'ನಹೀಂ' ಎಂಬುದನ್ನು ಹೊಡೆದುಹಾಕಿ, ಮೆಟ್ಟಿಲು ಮೂವತ್ತೆರಡು ಎಂದು ಬರೆದೆ. ಆ ಸಾಲಿನಿಂದ ಮಳೆಗಾಲದೊಳಗೆ ಬಾವಿಗೆ ಗೋಡೆ ಬಂತು, ಗಡಗಡಿ ಬಂತು. ಹಗ್ಗದ ಜಗಳ ಎರಡು ವರ್ಷ ನಡೆಯಿತು, ಅದನ್ನೂ ನಾವೇ ಗೆದ್ದೆವು. ಬರೆಯಲು ಹಿಡಿದದ್ದು ಎರಡು ನಿಮಿಷ. ಹಿಂದಿನ ವರ್ಷವೂ ಅಷ್ಟೇ ಹಿಡಿಯುತ್ತಿತ್ತು.

ಅವ್ವ ಬಲಗಾಲು ಚಾಚಿ ಕೂತಿದ್ದಳು. ಮೊಣಕಾಲು ಬಾತು ಮಡಚದಂತಾಗಿತ್ತು. ಪಾದದಿಂದ ಹೊರಬಂದ ಹುಳವನ್ನು ಕಡ್ಡಿಗೆ ಸುತ್ತಿ, ಅಪ್ಪನ ಹಳೆಯ ರುಮಾಲಿನ ಚೂರಿನಿಂದ ಕಟ್ಟಿದ್ದಳು.

"ನಿಮ್ಮಪ್ಪನ ಹುಳ ನನಗ ಬಂದದ ನೋಡು, ಅದೇ ಕಾಲಿಗೆ," ಎಂದಳು. ನಗಲು ನೋಡಿದಳು.

ಆಗ ನನಗೆ ತಡೆಯಲಾಗಲಿಲ್ಲ. ಲೋಟದ ನೀರು, ಚುಕ್ಕೆ ಹುಳು, ಕಾಗದ, ಗೌಡನ ನಗೆ, ಎಲ್ಲವನ್ನೂ ಹೇಳಿದೆ. ಅವ್ವ ಎಲ್ಲ ಮುಗಿದ ಮೇಲೆ ಕೇಳಿದಳು.

"ಗೌಡ್ರ ಮನ್ಯಾಗ ಎಷ್ಟು ಮಂದಿಗೆ?"

"ಒಬ್ಬರಿಗೂ ಇಲ್ಲವ್ವ. ಅವರು ಸೋಸಿ ಕುಡಿತಾರ."

"ನನಗ ಯಾಕಂತ ಹೇಳಿದ್ರ ನಾನೂ ಸೋಸ್ತಿದ್ದೆ. ರೇಣಮ್ಮಗೂ ಹೇಳ್ತಿದ್ದೆ."

"ಅದಕ್ಕ ಹೇಳಲಿಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು. ಅಪ್ಪ ಸತ್ತ ದಿನ ಕಟ್ಟೆಯ ಕಡೆ ನೋಡಿದ್ದ ನೋಟ ಅದು. ಅಂದು ಅದು ಗೌಡನ ಮೇಲಿತ್ತು.

"ಗೌಡ ಬಡಿಸಿದ್ದು ಒಂದು ಕಾಲಿಗೆ," ಎಂದಳು. "ನೀ ಎಷ್ಟು ಮಂದಿ ಕಾಲು ಮುರದಿ?"

ಪಟ್ಟಿ ನನ್ನ ಕೈಯಲ್ಲೇ ಇತ್ತು. ಅವಳ ಹೆಸರನ್ನು ಇನ್ನೂ ಬರೆದಿರಲಿಲ್ಲ, ಸೇರಿಸಿ ಹೇಳಿದೆ. "ಮೂವತ್ತೆಂಟು."

ಅವಳು ರುಮಾಲಿನ ಚೂರು ಬಿಚ್ಚಿ, ಹುಳ ಸುತ್ತಿದ ಕಡ್ಡಿಯನ್ನು ನನ್ನ ಬೆರಳಿಗೆ ಕೊಟ್ಟಳು.

"ಸುತ್ತು," ಎಂದಳು. "ಮೆಲ್ಲಕ. ಹರೀಬ್ಯಾಡ."