ನಡೆಯದವರು ಬರೆದ ದಾರಿ

ಸ್ಪೇನಿನ ಬೆಟ್ಟದ ಹಳ್ಳಿಗಳಲ್ಲಿ ಯಾವ ತಿರುವಿನಲ್ಲಿ ಕುಡಿಯುವ ನೀರಿದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಅರಬರ ಕಾಲದ ಕಾಲುವೆ ಎಲ್ಲಿ ದಾರಿಗೆ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಅಹ್ಮದ್ ಕುಂಞಿಯವರು ದುಬೈಯ ಅಲ್ ಮುರಕ್ಕಬಾತಿನ ಟ್ರಾವೆಲ್ ಆಫೀಸಿನಲ್ಲಿ ಕುಳಿತು ಕಣ್ಣು ಮುಚ್ಚಿ ಹೇಳುತ್ತಿದ್ದರು. ಗ್ರಾನಡಾದ ಅರಮನೆಗೆ ಎರಡು ದಿನ, ಆಮೇಲೆ ಆಲ್ಪುಹಾರ ಬೆಟ್ಟದ ಹಳ್ಳಿಗಳಲ್ಲಿ ಐದು ದಿನ ಕಾಲ್ನಡಿಗೆ. ಈ ಏರ್ಪಾಡಿಗೆ ಊದ್ ಮೇಥಾದಿಂದಲೂ ಶಾರ್ಜಾದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಉಳ್ಳಾಲದ ಈ ಬ್ಯಾರಿ ಮನುಷ್ಯನಿಗೆ ‘ಸ್ಪೇನ್ ಕುಂಞಿ’ ಎಂಬ ಅಡ್ಡಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು.

ಗುಟ್ಟೇನೆಂದರೆ, ಸ್ಪೇನ್ ಕುಂಞಿ ಸ್ಪೇನಿಗೆ ಕಾಲಿಟ್ಟವರೇ ಅಲ್ಲ. ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದ್ದರು, ಎರಡು ಸಲವೂ ಪಾಸ್‌ಪೋರ್ಟು ಖಾಲಿಯಾಗಿಯೇ ವಾಪಸು ಬಂದಿತ್ತು. ಅವರಿಗೆ ಗೊತ್ತಿದ್ದದ್ದೆಲ್ಲ ಕಿವಿಯಿಂದ ಬಂದದ್ದು. ಪ್ರವಾಸ ಮುಗಿಸಿ ಬಂದವರನ್ನೆಲ್ಲ ಅವರು ಆಫೀಸಿಗೆ ಕರೆದು, ಕೈಗೊಂದು ಸುಲೈಮಾನಿ ಚಹಾ ಕೊಟ್ಟು, ಪ್ರತಿ ತಿರುವಿನ ಲೆಕ್ಕ ಕೇಳಿ ಬರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಒಬ್ಬರು “ನೀವು ನಡೆದಿದ್ದೀರಾ?” ಎಂದು ಕೇಳಿದಾಗ, ವ್ಯಾಪಾರ ತಪ್ಪೀತೆಂಬ ಅವಸರದಲ್ಲಿ “ಹ್ಞೂಂ” ಎಂದುಬಿಟ್ಟಿದ್ದರು. ಒಂದು ಸಲ ಹೇಳಿದ ಸುಳ್ಳಿಗೆ ಮರುದಿನವೂ ಊಟ ಹಾಕಬೇಕಾಗುತ್ತದೆ. ಅವರು ಹಾಕುತ್ತಲೇ ಬಂದಿದ್ದರು.

ಹೀಗಿರುವಾಗ, ಎರಡು ಸಾವಿರದ ಹದಿನೈದರ ಜನವರಿಯಲ್ಲಿ ರುಕಿಯ್ಯ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಭಟ್ಕಳದ ನವಾಯತ ಮನೆತನದವರು, ವಯಸ್ಸು ಅರವತ್ತೆರಡು. ಗಂಡ ಝಿಯಾಉದ್ದೀನ್ ದೇರಾದಲ್ಲಿ ಬಟ್ಟೆ ವ್ಯಾಪಾರ ಮಾಡಿ ಹೆಸರು ಗಳಿಸಿದವರು. ಅವರು ತೀರಿಕೊಂಡ ಮೇಲೆ ಅಂಗಡಿಯನ್ನೂ ತಾಯಿಯನ್ನೂ ಮಗ ಹುಝೈಫಾ ನೋಡಿಕೊಳ್ಳುತ್ತಿದ್ದ. ಅಂದು ಅವನೂ ಜೊತೆಗೆ ಬಂದು, ಕಾರು ನಿಲ್ಲಿಸಲು ಜಾಗ ಸಿಗದೆ ಕೆಳಗೆ ಸುತ್ತುತ್ತಿದ್ದ.

“ನೋಡಿ ಅಹ್ಮದ್ ಭಾಯಿ, ಅವ ಬರೋದ್ರೊಳಗೆ ಹೇಳ್ತೇನೆ,” ಎಂದರು ರುಕಿಯ್ಯ. “ಮದುವೆವರೆಗೆ ಅಪ್ಪ ಕರ್ಕೊಂಡು ಹೋದ್ರು. ದುಬೈಗೆ ಗಂಡ ಕರ್ಕೊಂಡು ಬಂದ್ರು. ಹಜ್ಜಿಗೆ ಮಗ ಕರ್ಕೊಂಡು ಹೋದ. ಲಿಫ್ಟಿಂದ ಕಾರು, ಕಾರಿಂದ ಮಾಲು, ಮಾಲಿಂದ ಮತ್ತೆ ಕಾರು. ಒಂದು ಊರಿಂದ ಇನ್ನೊಂದು ಊರಿಗೆ ನನ್ನ ಕಾಲಲ್ಲೇ ಹೋಗಿ ಮುಟ್ಬೇಕು. ಅಷ್ಟೇ ಆಸೆ.”

“ಅದಕ್ಕೆ ಸ್ಪೇನ್ ಯಾಕೆ ಆಪಾ? ಭಟ್ಕಳದಿಂದ ಶಿರಾಲಿಗೆ ನಡೆದ್ರಾಗ್ಲಿಲ್ವಾ?”

“ಅಲ್ಲಿ ಹತ್ತು ಹೆಜ್ಜೆ ಇಟ್ರೆ ನಾಲ್ಕು ಕಾರು ನಿಲ್ತದೆ. ಝಿಯಾಉದ್ದೀನ್ ಸಾಹೇಬರ ಮನೆಯವ್ರು ನಡ್ಕೊಂಡು ಹೋಗ್ತಿದ್ದಾರೆ, ಮಗನಿಗೆ ಎಂತಾಯ್ತು ಅಂತ ಊರಿಡೀ ಸುದ್ದಿ. ನನ್ನ ಗುರ್ತು ಇಲ್ಲದ ಊರು ಬೇಕು.”

ಅಹ್ಮದ್ ಕುಂಞಿಯವರಿಗೆ ನಗು ಬಂತು, ಜೊತೆಗೆ ಏನೋ ಮರುಕವೂ ಆಯಿತು. ಈ ಪ್ರವಾಸದಲ್ಲಿ ಉಳಿದ ದಿನಗಳೆಲ್ಲ ಊರ ಸುತ್ತಿನ ಸಣ್ಣ ನಡಿಗೆಗಳು. ಊರಿಂದ ಊರಿಗೆ ಹೋಗುವುದು ಕೊನೆಯಲ್ಲಿ ಒಂದೇ. ಬೆಟ್ಟದ ಬದಿಯಲ್ಲಿ ಹಾದು, ಆಲ್ಕೋರ ಎಂಬ ಪುಟ್ಟ ಹಳ್ಳಿಯನ್ನು ದಾಟಿ, ಬೆನಾಲ್ಸಾರ್ ಎಂಬ ಊರಿಗೆ. ಹೋಗುವವರ ಕೈಗೆ ಕುಂಞಿಯವರು ಬರೆದುಕೊಡುವ ದಾರಿಯ ಹಾಳೆಯ ಪ್ರಕಾರ ನಾಲ್ಕು ಗಂಟೆ. ರುಕಿಯ್ಯ ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿದರು. ಕುಳಿತೆದ್ದು ನಾಲ್ಕು ಗಂಟೆಯಾದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬೇಡ ಎಂದರು ಡಾಕ್ಟರು. ಹುಝೈಫಾ ಅರೆಮನಸ್ಸಿನಿಂದ ಒಪ್ಪಿದ. ಅವನ ಹತ್ತೊಂಬತ್ತರ ಮಗಳು ನುಹಾ ಅಜ್ಜಿಯ ಜೊತೆಗೆ ಹೋಗುವುದೆಂದಾಯಿತು.

“ನೀವೇ ನಡೆದ ದಾರಿ ಅಂತ ಧೈರ್ಯ, ಅಹ್ಮದ್ ಭಾಯಿ,” ಎಂದ ಹುಝೈಫಾ. “ನಿಮ್ಮ ಮಾತಿನ ಮೇಲೆ ಕಳಿಸ್ತಿದ್ದೇನೆ.”

ಅಹ್ಮದ್ ಕುಂಞಿಯವರು ತಲೆಯಾಡಿಸಿದರು.

ರುಕಿಯ್ಯ ಅಭ್ಯಾಸಕ್ಕೆ ಇಳಿದರು. ದುಬೈ ಎಂದರೆ ರೊಟ್ಟಿ ಲಟ್ಟಿಸುವ ಮಣೆಯಷ್ಟು ಸಪಾಟು, ಏರು ಎಲ್ಲಿಂದ ತರುವುದು? ಅವರೇ ಒಂದು ದಾರಿ ಕಂಡುಕೊಂಡರು. ಮನೆ ಹತ್ತಿರದ ಆರು ಅಂತಸ್ತಿನ ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಹತ್ತುವ ಇಳಿಜಾರಿನಲ್ಲೇ ಬೆಳಗಿನ ನಮಾಜು ಮುಗಿಸಿ ಮೇಲಕ್ಕೂ ಕೆಳಕ್ಕೂ ನಡೆಯತೊಡಗಿದರು. ಅಬಾಯಾದ ಕೆಳಗೆ ಮೊಮ್ಮಗಳು ಆರಿಸಿಕೊಟ್ಟ ದಪ್ಪ ಅಟ್ಟೆಯ ಬೂಟು. ಮೊದಲ ವಾರ ಕಾವಲುಗಾರ ದಿನಾ ಓಡಿಬಂದು “ಮೇಡಂ, ಕಾರು ಸಿಗುತ್ತಿಲ್ಲವೇ?” ಎಂದು ಹಿಂದಿಯಲ್ಲಿ ವಿಚಾರಿಸುತ್ತಿದ್ದ. ಎರಡನೆಯ ತಿಂಗಳ ಹೊತ್ತಿಗೆ ಅವನೇ ಸುತ್ತು ಎಣಿಸಿಕೊಡುತ್ತಿದ್ದ.

ಹೊರಡಲು ಒಂಬತ್ತು ದಿನವಿದೆ ಎನ್ನುವಾಗ ಟಿಕೆಟಿನ ಪ್ರತಿ ಒಯ್ಯಲು ಬಂದ ರುಕಿಯ್ಯ ಸುಮ್ಮನೆ ಒಂದು ಮಾತು ಕೇಳಿದರು. “ಅಹ್ಮದ್ ಭಾಯಿ, ಆ ದಾರಿಯಲ್ಲಿ ನಿಮಗೆ ಎಲ್ಲಿ ಬಚ್ಚಿತು?”

ನಾಯಿಯ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದರು, ನೀರಿನ ಬಗ್ಗೆಯೂ ಹೇಳುತ್ತಿದ್ದರು. ಬಚ್ಚಿದ್ದೆಲ್ಲಿ, ದಣಿದು ಕಾಲು ಸೋತದ್ದೆಲ್ಲಿ ಎಂದು ಅವರಿಗೆ ಯಾರೂ ಬರೆಸಿರಲಿಲ್ಲ. “ಅದು... ಚೆಸ್ಟ್‌ನಟ್ ಮರಗಳ ಹತ್ರ,” ಎಂದು ಬಾಯಿಗೆ ಬಂದದ್ದನ್ನು ಹೇಳಿದರು. ರುಕಿಯ್ಯ ಪರ್ಸಿನಿಂದ ಪೆನ್ನು ತೆಗೆದು, ತಮ್ಮ ಹಾಳೆಯ ಅಂಚಿನಲ್ಲಿ ‘ಚೆಸ್ಟ್‌ನಟ್ ಮರ, ಕೂರುವುದು’ ಎಂದು ಗುರುತು ಹಾಕಿಕೊಂಡರು.

ಆಕೆ ಹೋದೊಡನೆ ಊದ್ ಮೇಥಾದ ಲಿಯೋನಿಗೆ ಫೋನು ಮಾಡಿದರು. ಆರು ವರ್ಷದ ಹಿಂದೆ ಹೆಂಡತಿಯೊಂದಿಗೆ ಹೋಗಿಬಂದು, ಆಫೀಸಿಗೆ ಚಂದದ ಫೋಟೋ ಕೊಟ್ಟವನು ಅವನು.

“ಲಿಯೋ, ಬೆನಾಲ್ಸಾರಿಗೆ ಹೋಗುವಾಗ ನಿಮಗೆ ಬಚ್ಚಿದ್ದು ಎಲ್ಲಿ ಮಾರಾಯ?”

ಆ ಕಡೆಯಿಂದ ನಗು ಕೇಳಿತು. “ಈಗ ಹೇಳಿದ್ರೆ ಎಂತ ಉಂಟು ಕುಂಞಾಕ. ನಾವು ಆಲ್ಕೋರದಿಂದ ಟ್ಯಾಕ್ಸಿ ಹಿಡಿದದ್ದು. ಅಲ್ಲಿಗೇ ಮೂರೂವರೆ ಗಂಟೆ ಆಗಿತ್ತು. ನಿಮ್ಮ ಪೇಪರಿನಲ್ಲಿ ಪೂರ್ತಿ ದಾರಿಗೆ ನಾಲ್ಕೇ ಗಂಟೆ. ನಾವೇ ಲಾಯಕ್ಕಿಲ್ಲದವರು ಅಂತ ನಾಚಿಕೆಯಾಗಿ ಹೇಳ್ಲಿಲ್ಲ.”

ಅಹ್ಮದ್ ಕುಂಞಿಯವರು ಹಿಂದೊಮ್ಮೆ ಹೋಗಿಬಂದಿದ್ದ ಡಾಕ್ಟರ್ ಹಲೀಮರಿಗೆ ಫೋನು ಮಾಡಿದರು. ಆಲ್ಕೋರದಿಂದ ಟ್ಯಾಕ್ಸಿ, ಓಡಿಸಿದ್ದು ಕೆಂಪು ಟೋಪಿಯ ಒಬ್ಬ ಮುದುಕ. ಜೆಬೆಲ್ ಅಲಿಯ ಗೋದಾಮಿನಲ್ಲಿ ಮ್ಯಾನೇಜರಾಗಿದ್ದ, ದಿನಾ ಜಿಮ್ಮಿಗೆ ಹೋಗುವ ತೌಫೀಕನಿಗೆ ಮಾಡಿದರು. ಅವನದ್ದೂ ಟ್ಯಾಕ್ಸಿ, ಅದೂ ಕೆಂಪು ಟೋಪಿಯ ಅದೇ ಮುದುಕನದು! ಸಂಜೆಯೊಳಗೆ ಹದಿಮೂರು ಜನರನ್ನು ಕೇಳಿದರು. ಆ ದಾರಿಯ ಎರಡನೆಯ ಅರ್ಧವನ್ನು ನಡೆದವನು ಒಬ್ಬನೂ ಇಲ್ಲ. ಮೊದಲು ಹೋದವರು ಅರ್ಧ ನಡೆದು, ಉಳಿದರ್ಧ ಟ್ಯಾಕ್ಸಿಯಲ್ಲಿ ಹೋಗಿ ನಾಲ್ಕು ಗಂಟೆ ಎಂದರು, ಕುಂಞಿಯವರು ಬರೆದರು. ಆಮೇಲೆ ಹೋದವರು ಹಾಳೆ ನೋಡಿ ಮರ್ಯಾದೆಗೆ ಅಂಜಿ ಅದನ್ನೇ ಹೇಳಿದರು, ಇವರು ಮತ್ತೆ ಅದನ್ನೇ ಬರೆದರು. ನಡೆಯದವರು ನಡೆಯದವರಿಗೆ ಹೇಳಿದ ದಾರಿಯದು. ನಿಜವಾಗಿ ಲೆಕ್ಕ ಹಾಕಿದರೆ ಏಳು ಗಂಟೆಗೆ ಕಡಿಮೆಯಿಲ್ಲ.

“ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ ಕುಂಞಿಯವರೆ,” ಎಂದರು ಆಫೀಸಿನ ಮಾಲಕ ಮೊರಿಸ್. “ಎಲ್ಲರೂ ಟ್ಯಾಕ್ಸಿಯಲ್ಲಿ ಹೋಗಿದ್ದಾರಲ್ಲ, ಅವ್ರೂ ಹೋಗ್ತಾರೆ. ಖಲಾಸ್.”

ಮಾತು ತಪ್ಪೇನೂ ಅಲ್ಲ. ಬೇರೆ ಯಾರೇ ಆಗಿದ್ದರೂ ಕುಂಞಿಯವರು ಬಾಯಿ ಮುಚ್ಚಿಕೊಳ್ಳುತ್ತಿದ್ದರೇನೋ. ಆದರೆ ಈ ಹೆಂಗಸು ಟ್ಯಾಕ್ಸಿ ಹತ್ತುವವರಲ್ಲ. ಹಾಳೆಯನ್ನು ನಂಬಿ, ಇನ್ನೇನು ಬಂತು ಎಂದುಕೊಳ್ಳುತ್ತಾ, ಆ ಬೆಟ್ಟದಲ್ಲಿ ಕಾಲು ಸೋಲುವವರೆಗೂ ನಡೆಯುವವರು. ಅಹ್ಮದ್ ಕುಂಞಿಯವರು ಎದ್ದು ಚಪ್ಪಲಿ ಮೆಟ್ಟಿದರು.

ರುಕಿಯ್ಯರ ಮನೆಯ ಬಾಗಿಲು ತೆರೆದ ನುಹಾ, “ದಾದಿಮಾ, ಟ್ರಾವೆಲ್ ಅಂಕಲ್!” ಎಂದು ಕೂಗಿ ಒಳಗೆ ಹೋದಳು. ಸೋಫಾದ ತುದಿಯಲ್ಲಿ ಕುಳಿತು ಅಹ್ಮದ್ ಕುಂಞಿಯವರು ಎರಡನ್ನೂ ಹೇಳಿದರು. ತಾವು ಎಂದೂ ಸ್ಪೇನಿಗೆ ಹೋಗಿಲ್ಲ ಎಂಬುದನ್ನು ಮೊದಲು, ನಾಲ್ಕು ಗಂಟೆಯ ಕತೆಯನ್ನು ಆಮೇಲೆ. ಹೇಳುವಾಗ ನಾಚಿಕೆಯಿಂದ ತಲೆ ಎತ್ತಲಿಲ್ಲ.

ರುಕಿಯ್ಯರ ಮುಖ ಕೆಂಪಾಯಿತು. “ಎರಡು ತಿಂಗಳಿಂದ ಪಾರ್ಕಿಂಗ್ ಹತ್ತಿ ಇಳಿದಿದ್ದೇನೆ ಅಹ್ಮದ್ ಭಾಯಿ. ಮೊಣಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ನಡೆದಿದ್ದೇನೆ. ನೀವು ಇದನ್ನು ಜನವರಿಯಲ್ಲಿ ಹೇಳ್ಬಾರ್ದಿತ್ತಾ?”

“ತಪ್ಪಾಯ್ತು ಆಪಾ.”

ರುಕಿಯ್ಯ ತಮ್ಮ ಹಾಳೆಯನ್ನು ತಂದು ಬಿಡಿಸಿ ನೋಡಿದರು. ಆಮೇಲೆ, “ಆ ಆಲ್ಕೋರದಲ್ಲಿ ಮಲಗ್ಲಿಕ್ಕೆ ಜಾಗ ಉಂಟಾ?” ಎಂದು ಕೇಳಿದರು. ಅಹ್ಮದ್ ಕುಂಞಿಯವರಿಗೆ ಅದು ಹೊಳೆದೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಆಲ್ಕೋರದ ಬಗ್ಗೆ ಅವರು ವಿಚಾರಿಸಿದ್ದು ಏನೂ ಇಲ್ಲ. ಎರಡು ದಿನ ಫೋನು, ಈಮೇಲು ಎಂದು ಬೆನ್ನುಬಿದ್ದು, ಒಬ್ಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಗೊತ್ತುಮಾಡಿ, ಆ ದಾರಿಯನ್ನು ಎರಡು ದಿನಕ್ಕೆ ಹಂಚಿದರು.

ಹುಝೈಫಾನಿಗೆ ವಿಷಯ ತಿಳಿದಾಗ ಅವನು ಪ್ರವಾಸವನ್ನೇ ರದ್ದು ಮಾಡಹೊರಟ. “ಹೋಗದವರ ಮಾತು ಕಟ್ಕೊಂಡು ನನ್ನ ತಾಯಿಯನ್ನು ಬೆಟ್ಟಕ್ಕೆ ಕಳಿಸ್ಬೇಕಾ?” ಎಂದು ಆಫೀಸಿನಲ್ಲಿ ಎಲ್ಲರೆದುರು ಕೂಗಾಡಿದ. ಕೊನೆಗೆ ಮಗನನ್ನು ಒಪ್ಪಿಸಿದ್ದು ತಾಯಿಯೇ. ನುಹಾ ಒಂದು ಕ್ಷಣವೂ ಅಜ್ಜಿಯ ಪಕ್ಕ ಬಿಡಬಾರದು, ಅವನ ಷರತ್ತು ಅದೊಂದೇ.

ಏಪ್ರಿಲ್ ಎರಡನೆಯ ವಾರದಲ್ಲಿ ಅಜ್ಜಿ ಮೊಮ್ಮಗಳು ಹೋದರು. ಗ್ರಾನಡಾದಿಂದ ಫೋಟೋ ಬಂತು. ಬೆನಾಲ್ಸಾರಿನ ದಾರಿಯ ಮೊದಲ ಅರ್ಧ ಮುಗಿಸಿ ಆಲ್ಕೋರ ಮುಟ್ಟಿದ ಸುದ್ದಿಯೂ ಬಂತು. ಅಹ್ಮದ್ ಕುಂಞಿಯವರು ಆ ರಾತ್ರಿ ಸಮಾಧಾನದಿಂದ ಉಂಡು ಮಲಗಿದರು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಹುಝೈಫಾ ಆಫೀಸಿನ ಬಾಗಿಲು ದೂಡಿಕೊಂಡು ಬಂದ. ಕೈಯಲ್ಲಿದ್ದ ಮೊಬೈಲನ್ನು ಮೇಜಿನ ಮೇಲಿಟ್ಟು ನುಹಾಳ ಮೆಸೇಜು ತೋರಿಸಿದ. ಅವಳ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಹೆಜ್ಜೆ ಇಡಲಾಗದೆ, ಆಲ್ಕೋರದಿಂದಲೇ ಟ್ಯಾಕ್ಸಿ ಹಿಡಿದು ಬೆನಾಲ್ಸಾರಿಗೆ ಹೋಗಿ ಕುಳಿತಿದ್ದಳು. ದಾದಿಮಾ ಟ್ಯಾಕ್ಸಿ ಹತ್ತಲು ಒಪ್ಪಲೇ ಇಲ್ಲವಂತೆ. ‘ನೀನು ಬ್ಯಾಗು ತಗೊಂಡು ಹೋಗು, ನಾನು ಬರ್ತೇನೆ’ ಎಂದು ಬೆಳಿಗ್ಗೆ ಎಂಟಕ್ಕೇ ಒಬ್ಬರೇ ಹೊರಟಿದ್ದರು. ಈಗ ಅಲ್ಲಿ ಗಂಟೆ ಒಂದು. ಇನ್ನೂ ಬಂದಿಲ್ಲ, ಫೋನೂ ತಗಲುತ್ತಿಲ್ಲ.

“ಒಬ್ರೇ! ನನ್ನ ತಾಯಿ ಒಬ್ರೇ ಪಕ್ಕದ ಬಕಾಲಾ ಅಂಗಡಿಗೂ ಹೋದವರಲ್ಲ!” ಹುಝೈಫಾನ ದನಿ ನಡುಗುತ್ತಿತ್ತು. “ಅವರಿಗೆ ಏನಾದ್ರೂ ಆದ್ರೆ ಅಹ್ಮದ್ ಭಾಯಿ...”

ಅಹ್ಮದ್ ಕುಂಞಿಯವರಿಗೆ ಅವನ ಕೋಪ ಎಷ್ಟೋ ವಾಸಿ ಅನಿಸಿತು, ಈ ನಡುಕವನ್ನು ನೋಡಲಾಗಲಿಲ್ಲ. ಕುರ್ಚಿ ಎಳೆದು ಅವನನ್ನು ಕೂರಿಸಿದರು. ಆಲ್ಕೋರದ ವಿಧವೆಗೆ ಫೋನು ಹಚ್ಚಿ, ಬಂದಷ್ಟು ಇಂಗ್ಲಿಷಿನಲ್ಲಿ ವಿಚಾರಿಸಿದರು. ಆಕೆ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು, ಒಂದಕ್ಷರವೂ ತಿಳಿಯಲಿಲ್ಲ. ಕಣಿವೆಯಲ್ಲಿ ಫೋನು ಸಿಗುವುದಿಲ್ಲವೆಂದು ಹಿಂದೆ ಯಾರೋ ಹೇಳಿದ್ದರು. ಆದರೆ ಆ ಯಾರೋ ಟ್ಯಾಕ್ಸಿಯ ಕಿಟಕಿಯಿಂದ ನೋಡಿ ಹೇಳಿದ್ದಿರಬೇಕು! ಧೈರ್ಯ ಹೇಳಲು ತಮ್ಮ ಸ್ವಂತದ್ದೆಂಬ ಒಂದು ಮಾತೂ ಅವರ ಬಳಿ ಇರಲಿಲ್ಲ. ತಾನು ಒಂದು ಸಲ, ಒಂದೇ ಒಂದು ಸಲ ಆ ದಾರಿಯಲ್ಲಿ ನಡೆದಿದ್ದರೆ ಎಂದು ಜೀವ ಹಿಂಡಿತು.

ಮೊರಿಸ್ ಚಹಾ ತರಿಸಿದರು, ಯಾರೂ ಮುಟ್ಟಲಿಲ್ಲ. ಮೂರೂವರೆಯಾಯಿತು, ನಾಲ್ಕಾಯಿತು. ಹುಝೈಫಾ ಸಂಜೆಯ ವಿಮಾನದಲ್ಲಿ ಮ್ಯಾಡ್ರಿಡಿಗೆ ಸೀಟು ನೋಡಿ ಎಂದ, ಕುಂಞಿಯವರು ನೋಡತೊಡಗಿದರು. ನಾಲ್ಕು ಇಪ್ಪತ್ತಕ್ಕೆ ಮೇಜಿನ ಮೇಲಿದ್ದ ಮೊಬೈಲು ಹೊಡೆದುಕೊಂಡಿತು. ‘ಅಮ್ಮ’ ಎಂದು ಹೆಸರು ಬಂದದ್ದು ಇಬ್ಬರಿಗೂ ಕಂಡಿತು.

ಹುಝೈಫಾ ಸ್ಪೀಕರಿಗೆ ಹಾಕಿ, ತಮ್ಮ ನವಾಯತಿಯಲ್ಲೇ ಬೈಯಲು ಶುರುಮಾಡಿದ. ಎಲ್ಲಿದ್ದೀರಿ, ಯಾಕೆ ಫೋನಿಲ್ಲ, ಬಿದ್ದಿರೇನು, ಪೆಟ್ಟಾಯಿತೇನು. ಅವನ ಉಸಿರು ಮುಗಿಯುವವರೆಗೂ ಆ ಕಡೆಯವರು ಕಾದರು. ಹಿಂದೆ ಎಲ್ಲೋ ನೀರು ಬೀಳುವ ಸದ್ದು ಕೇಳುತ್ತಿತ್ತು. ಮಂಗಳೂರಿನ ಬ್ಯಾರಿಯಾದರೂ ಅಹ್ಮದ್ ಕುಂಞಿಯವರಿಗೆ ಅವರ ಮಾತು ಅರ್ಥವಾಗುವಷ್ಟು ದುಬೈ ಕಲಿಸಿತ್ತು.

“ಬೆನಾಲ್ಸಾರಿಗೆ ಬಂದೆ ಮಗಾ,” ಎಂದರು ರುಕಿಯ್ಯ. ದನಿಯಲ್ಲಿ ಏದುಸಿರಿತ್ತು, ನಗುವೂ ಇತ್ತು.

“ಯಾರು ಕರ್ಕೊಂಡು ಬಂದ್ರು?” ಎಂದು ಹುಝೈಫಾ ಕೇಳಿದ. ಅಭ್ಯಾಸಬಲ, ಪಾಪ. ಆ ಮನೆಯಲ್ಲಿ ಆಕೆಯನ್ನು ಎಲ್ಲರೂ ಕೇಳುತ್ತಿದ್ದದ್ದೇ ಹಾಗೆ.

“ಯಾರೂ ಇಲ್ಲ. ನಾನೇ ಬಂದದ್ದು.”

ಹುಝೈಫಾನ ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅಹ್ಮದ್ ಕುಂಞಿಯವರು ಮುಖವನ್ನು ಕಂಪ್ಯೂಟರಿನ ಕಡೆಗೆ ತಿರುಗಿಸಿಕೊಂಡರು.

“ನುಹಾಳನ್ನು ಕಳಿಸ್ತೇನೆ ಅಮ್ಮಾ, ಎಲ್ಲಿದ್ದೀರಿ ಹೇಳಿ. ಅವಳು ಬಂದು ಕರ್ಕೊಂಡು...”

“ಬೇಡ,” ಎಂದರು ರುಕಿಯ್ಯ. “ಊರ ಬಾಯಲ್ಲಿ ಒಂದು ಕಟ್ಟೆ ಉಂಟು, ಕೂತಿದ್ದೇನೆ. ಯಾರನ್ನೂ ಕಳಿಸ್ಬೇಡ ಮಗಾ. ಇನ್ನು ಸ್ವಲ್ಪ ಹೊತ್ತು ಹೀಗೇ ಕೂತಿರ್ತೇನೆ.”