ಮನೆಯಲ್ಲೇ ಹಾಜರಿ

ಎರಡು ಜಡೆ, ಎರಡಕ್ಕೂ ಬಿಳಿ ರಿಬ್ಬನ್ನು, ಮಡಿಚಿ ಮೇಲಕ್ಕೆ ಕಟ್ಟಿದ್ದು, ಅದೂ ಈ ಕೈಯಿಂದಲೇ ಬೆಳಗ್ಗೆ ಏಳಕ್ಕೆ, ಇವತ್ತಿನಿಂದ ಶಿವಾನಿಗೆ ಶಾಲೆಯಿಲ್ಲ ಎಂದು ಗೊತ್ತಿದ್ದೂ ಯಾಕೆ ಕಟ್ಟಿದಳೋ ಮಹಾನಂದಾ — ಬಾಯಿಬಿಟ್ಟು ಹೇಳಲಾಗದ್ದಕ್ಕೆ ಕಟ್ಟಿದಳು, ಮತ್ತೇನು. ಶಿವಾನಿ ಗಾಲಿಕುರ್ಚಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದಾಳೆ, ತೊಡೆಯ ಮೇಲೆ ಪಾಟಿಚೀಲ, ಕಣ್ಣು ರಸ್ತೆಯಾಚೆಯ ಶಾಲೆಯ ಮೇಲೆ, ಅಣ್ಣ ಶಂಕರೆಪ್ಪನ ಮಗಳು, ಹನ್ನೊಂದು ವರ್ಷ, ಹುಟ್ಟಿದಾಗಿನಿಂದ ಕಾಲು ನಿಲ್ಲುವುದಿಲ್ಲ. ದಿನಾ ಕುರ್ಚಿ ತಳ್ಳಿಕೊಂಡು ಹೋಗುವ ಗೆಳತಿಯರು ಇವತ್ತು ದೂರದಿಂದಲೇ ಕೈಬೀಸಿದರು, ಹೆಡ್ ಮಾಸ್ತರ ಕರಕೊಂಡ ಬರಬ್ಯಾಡ್ರಿ ಅಂದಾರ ಶಿವಾನಿ, ಎಂದು ಕೂಗಿ ಹೋದರು, ಯಾಕ ಅತ್ತಿ, ಎಂದು ಹುಡುಗಿ ಇತ್ತ ತಿರುಗಿ ಕೇಳಿದಳು, ನನಗೇನ ಗೊತ್ತವಾ, ಅಂದಳು ಮಹಾನಂದಾ ಜೋಳದ ಹಿಟ್ಟು ನಾದುತ್ತ. ಗೊತ್ತಿಲ್ಲವೇ, ಶನಿವಾರ ಆ ಕಾಗದಕ್ಕೆ ಸಹಿ ಹಾಕಿದವಳು ಯಾರು.

ಸಹಿ ಹಾಕುವಾಗ ಎದೆ ಎಷ್ಟು ಹಗುರವಾಗಿತ್ತು, ಸುಳ್ಳೇಕೆ ಹೇಳಬೇಕು, ಖುಷಿಯೇ ಆಗಿತ್ತು. ಹೊಟ್ಟೆಕಿಚ್ಚು, ಐವತ್ತು ದಾಟಿದ ಹೆಂಗಸಿಗೆ ಹನ್ನೊಂದರ ಕೂಸಿನ ಮೇಲೆ, ನಾಚಿಕೆಯೂ ಇಲ್ಲ. ಏನೇನು ಸಿಕ್ಕಿತು ಆ ಕೂಸಿಗೆ — ಸವದತ್ತಿಯ ತಪಾಸಣೆ ಶಿಬಿರಕ್ಕೆ ಅಪ್ಪನೇ ಹೆಗಲ ಮೇಲೆ ಹೊತ್ತು ನಡೆದ, ಬೈಲಹೊಂಗಲದಿಂದ ಗಾಲಿಕುರ್ಚಿ ಬಂತು, ಶಾಲೆಯ ಬಾಗಿಲಿಗೆ ಸಿಮೆಂಟಿನ ಇಳಿಜಾರು ಬಂತು, ಗುರುವಾರಕ್ಕೊಮ್ಮೆ ರಾಮದುರ್ಗದಿಂದ ಸ್ಕೂಟಿಯ ಮೇಲೆ ಗೌತಮಿ ಟೀಚರು, ಇಂಥ ಮಕ್ಕಳಿಗೆಂದೇ ಸರಕಾರ ಇಟ್ಟ ಟೀಚರು, ಬಂದವರೇ ನೆಲಕ್ಕೆ ಮಂಡಿಯೂರಿ ಅವಳ ಕಾಲಿನ ಪಟ್ಟಿ ಸರಿಮಾಡುತ್ತಾರೆ, ಬಿಗಿ ಆತೇನು ಪುಟ್ಟಿ, ನೋವಾಗಾಕ ಹತ್ತೈತೇನು — ಮಂಡಿಯೂರಿ! ಮಹಾನಂದಾಳ ಒಣಗಿದ ಎಡಗಾಲನ್ನು ಅವ್ವ ಸತ್ಯವ್ವನ ಹೊರತು ಇನ್ನೊಬ್ಬರು ಮುಟ್ಟಿದ್ದಿಲ್ಲ, ಎರಡು ವರ್ಷದವಳಿದ್ದಾಗ ಜ್ವರ ಬಂದು ಹೋಯಿತು, ಪೋಲಿಯೋ ಎಂಬ ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಶಂಕ್ರ್ಯಾ, ಇದೇ ಅಣ್ಣ, ಪಾಟಿ ಹಿಡಿದು ರಸ್ತೆ ದಾಟಿ ಓಡುತ್ತಿದ್ದ, ನನ್ನೂ ಕರಕೊಂಡ ಹೋಗೋ ಎಂದರೆ, ಹೊತಗೊಂಡ ಹೋದ್ರ ಹುಡುಗೂರು ನಗತಾವ, ಅನ್ನುತ್ತಿದ್ದ, ಮಗಳನ್ನು ಹೊತ್ತಾಗ ಯಾರೂ ನಗಲಿಲ್ಲವೇ. ಹೆಸರೂ ಚೆಂದದ್ದೇ ಸಿಕ್ಕಿತು ಅವಳಿಗೆ, ವಿಶೇಷ ಚೇತನ ಅಂತೆ. ಮಹಾನಂದಾಳಿಗೆ ಊರು ಕೊಟ್ಟದ್ದು ಕುಂಟಿ, ಮುಂದೆ ಯಾವುದೋ ಅರ್ಜಿಯಲ್ಲಿ ಅಂಗವಿಕಲೆ, ಅಷ್ಟೇ. ಕಾಯ್ದೆ ಬಂದೈತ್ರಿ ಅಕ್ಕಾರ, ಯಾವ ಕೂಸನ್ನೂ ಸಾಲಿ ಹೊರಗ ಇಡಾಕ ಬರೂದಿಲ್ಲ ಈಗ, ಅಂದಿದ್ದರು ಗೌತಮಿ ಟೀಚರು, ಈಗ — ನಲವತ್ತು ವರ್ಷ ತಡಮಾಡಿ ಬಂದ ಕಾಯ್ದೆ, ಬಂದದ್ದು ಇದೇ ಕಟ್ಟೆಗೆ, ಆದರೆ ಅಷ್ಟರಲ್ಲಿ ಇಲ್ಲಿ ಕುಳಿತಿದ್ದವಳು ಬೇರೆ ಹುಡುಗಿ.

ಅಣ್ಣ, ಅತ್ತಿಗೆ ರಾಚವ್ವ ಬೆಳಗಾದರೆ ಹೊಲಕ್ಕೆ ಹೋಗುತ್ತಾರೆ, ಹಾಗಾಗಿ ಶಾಲೆಯ ಪುಸ್ತಕದಲ್ಲಿ ಪೋಷಕಿ ಎಂದರೆ ಮಹಾನಂದಾ, ಶನಿವಾರ ಹೆಡ್ ಮಾಸ್ತರು ತಾವೇ ಬಂದು ಚಹಾ ಕುಡಿದು ಕಾಗದ ಬಿಚ್ಚಿದರು. ಶಿವಾನಿ ಈಗ ಆರನೇ ವರ್ಗ, ಅದು ಮಾಳಿಗಿ ಮ್ಯಾಲ ಐತ್ರಿ, ದಿನಾ ಹೊತ್ತು ಏರಸವರು ಯಾರ್ರಿ, ಮನ್ಯಾಗ ಕಲೀಲಿ, ಗೌತಮಿ ಟೀಚರ್ ಇಲ್ಲಿಗೇ ಬರತಾರ, ಸರಕಾರದ ಸ್ಕೀಮೇ ಐತಿ, ಹೆಸರು ಹಾಜರಿ ಪುಸ್ತಕದಾಗ ಇರತೈತಿ, ದಿನಾ ಹಾಜರಿನೂ ಬೀಳತೈತಿ. ಟೀಚರು ಬರುವುದು ವಾರಕ್ಕೊಂದು ದಿನ ಎಂದು ಅವಳಿಗೆ ಗೊತ್ತು, ಆ ವರ್ಗವನ್ನೇ ಕೆಳಗಿಳಿಸ್ರಲಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು, ಪೆನ್ನು ಹಿಡಿದು ಮಹಾನಂದಾ ಎಂದು ಬರೆದಳು, ನಿಧಾನವಾಗಿ, ನಾಲ್ಕೂ ಅಕ್ಷರ — ಅಡಿಗೆಮನೆಯ ನೆಲದ ಮೇಲೆ ತಿಂಗಳುಗಟ್ಟಲೆ ತಿದ್ದಿಸಿ ಅದನ್ನು ಕಲಿಸಿದ್ದು ಶಿವಾನಿಯೇ, ಹಾ ಅಕ್ಷರ ಸೊಟ್ಟ ಆತು ಅತ್ತಿ, ಇನ್ನೊಮ್ಮಿ ಬರಿ, ಅಂತ. ಹೆಸರು ಹಾಜರಿ ಪುಸ್ತಕದಾಗ ಇರತೈತಿ ಎಂದಾಗಲಾದರೂ ಹಳೆಯದು ನೆನಪಾಗಬೇಕಿತ್ತು. ಮಕ್ಕಳ ಲೆಕ್ಕ ಕಡಿಮೆ ಬಿದ್ದರೆ ಶಾಲೆಗೆ ಎರಡನೆಯ ಮಾಸ್ತರು ಸಿಗುವುದಿಲ್ಲವೆಂದು ಮಹಾನಂದಾ ಚಿಕ್ಕವಳಿದ್ದಾಗಿನ ಮಾಸ್ತರು ಅವಳ ಹೆಸರನ್ನೂ ಬರೆದುಕೊಂಡಿದ್ದರು, ಹೆಸರು ಸಾಲ್ಯಾಗ ಇರಲಿ ಸತ್ಯವ್ವಾ, ಹುಡುಗಿ ಮನ್ಯಾಗ ಇರಲಿ, ದಿನಾ ಕೂಗುತ್ತಿದ್ದರು, ಮಹಾನಂದಾ, ತಾವೇ ಹಾಜರ್ ಎಂದು ಗೀಚುತ್ತಿದ್ದರು, ಈ ಕಟ್ಟೆಗೆ ಎಲ್ಲ ಕೇಳುತ್ತಿತ್ತು, ನಾಲ್ಕನೆಯ ತರಗತಿ ಪಾಸೆಂದು ಟ್ರಂಕಿನಲ್ಲಿ ದಾಖಲೆಯೇ ಇದೆ, ಅದರಲ್ಲಿ ಏನು ಬರೆದಿದೆಯೆಂದು ಓದಲು ಬರುವುದಿಲ್ಲ.

ಪ್ರಾರ್ಥನೆ ಮುಗಿಯಿತು, ಮಾಳಿಗೆಯ ಕಿಟಕಿ ತೆರೆದಿದೆ, ಮಿಸ್ಸಿನ ದನಿ ರಸ್ತೆ ದಾಟಿ ಬರುತ್ತಿದೆ, ಯುವರಾಜ, ಹಾಜರ್ರಿ ಮಿಸ್, ಗೌರೀಶ, ಹಾಜರ್ರಿ ಮಿಸ್, ಶಿವಾನಿ — ಈಗ ಮಿಸ್ಸೇ ಗೀಚಿಕೊಳ್ಳುತ್ತಾರೆ, ಗೀಚಿಕೊಳ್ಳಲಿ — ಹಾಜರ್ರಿ ಮಿಸ್! ಕೂಗಿದ್ದು ಕಟ್ಟೆಯ ಮೇಲಿಂದ, ಇದ್ದಬದ್ದ ಉಸಿರೆಲ್ಲ ಒಟ್ಟುಮಾಡಿ, ಬಲಗೈ ನೆಟ್ಟಗೆ ಮೇಲೆತ್ತಿ, ಅಂಗಿಯ ತೋಳು ಮೊಣಕೈಗೆ ಜಾರಿದೆ. ಕಿಟಕಿಯಲ್ಲಿ ಯಾರೂ ಇಣುಕಲಿಲ್ಲ, ಮುಂದಿನ ಹೆಸರು ಕೂಗಿದರು. ಹಾಜರ್ರಿ ಮಿಸ್, ಇಲ್ಲಿದ್ದೇನ್ರಿ, ಎಂದಳು ಮತ್ತೆ, ಕೈ ಇಳಿಸಲಿಲ್ಲ. ಕೂಗಬಹುದಿತ್ತೇ, ಹಾಗಾದರೆ ಆಗ ತಾನೂ ಕೂಗಬಹುದಿತ್ತೇ, ನಾಲ್ಕು ವರ್ಷ ಹೆಸರು ಕೇಳುತ್ತ ಕುಳಿತವಳಿಗೆ ಬಾಯಿಯಿದೆ ಎಂಬುದೇ ಹೊಳೆಯಲಿಲ್ಲ, ಇದೂ ಅವಳಿಗೇ ಸಿಕ್ಕಿತು, ಇದನ್ನಂತೂ ಯಾವ ಟೀಚರೂ ಸ್ಕೂಟಿಯ ಮೇಲೆ ತಂದು ಕೊಟ್ಟದ್ದಲ್ಲ. ಹೊಟ್ಟೆ ಉರಿಯುತ್ತಿದೆ, ಕಣ್ಣೂ ಉರಿಯುತ್ತಿದೆ, ಹಿಟ್ಟಿನ ಕೈ, ಊರುಗೋಲು ಎಲ್ಲಿಟ್ಟೆ, ಕಾಗದ ಮರಳಿ ಕೇಳಿದರೆ ಹೆಡ್ ಮಾಸ್ತರು ಕೊಡುತ್ತಾರೋ ಇಲ್ಲವೋ, ಸಹಿ ನಾನ ಹಾಕೇನ್ರಿ, ನಾನ ಹರೀತೇನಿ ಕೊಡ್ರಿ, ಆಮೇಲೆ ಈ ಹುಡುಗಿಗೆ ಏನೆಂದು ಹೇಳುವುದು, ಅಣ್ಣನಿಗೆ ಏನೆಂದು — ಕೈ ಇಳಸವಾ, ನಾ ಸಾಲಿಗೆ ಹೋಗತೇನಿ, ಕೈ ಇಳಸು — ಇಳಿಸಲೊಲ್ಲಳು, ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟುಕೊಂಡಿದ್ದಾಳೆ, ಕಿಟಕಿಯ ಕಡೆಗೆ ಎತ್ತಿದ ಆ ಕೈ, ಆ ಕೈ —