ಸೋನ್ಯಾನನ್ನು ಬಿಚ್ಚಿಬಿಟ್ಟ ಪದ್ಮವ್ವ

ಐಗಳಿಯ ಪದ್ಮವ್ವನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಹೊರಡಬೇಕಾದ ಬಸ್ಸು ಹೊರಡಲಿಲ್ಲವೆಂದು ಸೀಟಿನಿಂದೆದ್ದು ಹೋಗಿ, ಚಹದಂಗಡಿಯಲ್ಲಿದ್ದ ಡ್ರೈವರನನ್ನು ಅರ್ಧ ಕಪ್ಪಿಗೇ ಎಬ್ಬಿಸಿಕೊಂಡು ಬಂದ ಹೆಂಗಸು ಅವಳು. ಎತ್ತರದ ನಿಲುವು, ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಕೋಟು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂಥ ನಡಿಗೆ, ಮಾತಿಗೊಮ್ಮೆ "ಲಗೂ". ಸೊಸೆಗೆ ಲಗೂ, ತೋಟದ ಆಳುಗಳಿಗೆ ಲಗೂ, ದೇವರ ಮುಂದಿನ ಊದುಬತ್ತಿಗೂ ಲಗೂ. ಇಂಥ ಮಹಾತಾಯಿ ಈಗ ದಿನಾ ಮುಂಜಾನೆ ತೋಟದ ಬದುವಿನ ಮೇಲೆ, ಒಂದು ನಾಯಿ ಒಂದು ಹುಲ್ಲಿನ ಬುಡವನ್ನು ಮೂಸಿ ಮುಗಿಸುವ ತನಕ, ಕೈಕಟ್ಟಿಕೊಂಡು ನಿಂತಿರುತ್ತಾಳೆ. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತದೆ.

ನಾಯಿಯ ಹೆಸರು ಸೋನ್ಯಾ. ಮುಧೋಳ ತಳಿ; ನೀಳ ಕಾಲು, ಒಳಸರಿದ ಹೊಟ್ಟೆ, ಗಾಳಿಯನ್ನೇ ಕೊರೆಯಲು ಮಾಡಿಟ್ಟಂಥ ಮೂತಿ. ದ್ರಾಕ್ಷಿ ತೋಟ ಕಾಯಲೆಂದು ಪದ್ಮವ್ವನ ಗಂಡ ರಾಜಾರಾಮ ಅದನ್ನು ಮರಿಯಿದ್ದಾಗಲೇ ತಂದು ಗೂಟಕ್ಕೆ ಕಟ್ಟಿದ್ದ. ಅದು ಬೆಳೆದು ಡ್ರಿಪ್ ಪೈಪು ಕಡಿಯಿತು. ಪದ್ಮವ್ವ ಸರಪಳಿಯನ್ನು ಗೂಟಕ್ಕೆ ಒಂದು ಸುತ್ತು ಸುತ್ತಿ ಗಿಡ್ಡ ಮಾಡಿದಳು. ಅದು ಬಳ್ಳಿಯ ಬುಡ ಕೆದರಿತು, ಇನ್ನೊಂದು ಸುತ್ತು. ದ್ರಾಕ್ಷಿ ಬೆಳೆಯುವವರು ಬಳ್ಳಿಯನ್ನು ತಂತಿಗೆ ಬಿಗಿದು, ಕತ್ತರಿಸಿ, ತಾವು ಹೇಳಿದ ಕಡೆಗೇ ಹಬ್ಬಿಸಿ ಪಳಗಿದ ಜನ. ಬಿಗಿದಷ್ಟೂ ಫಲ ಎಂಬುದು ಅವರ ರಕ್ತದಲ್ಲೇ ಇಳಿದುಬಿಟ್ಟಿದೆ. ನಾಯಿಗೂ ಅದೇ ಶಾಸ್ತ್ರ ಹಚ್ಚಿದರು. ಕಡಿಯಲು ಏನೂ ಎಟುಕದಂತಾದಾಗ ಸೋನ್ಯಾ ತನ್ನ ಮುಂಗಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು. ಕಡೆಗೊಂದು ದಿನ, ಕೂಲಿಗೆ ಬಂದ ಜನಾಬಾಯಿಯ ಸೆರಗನ್ನು ಹಲ್ಲಿನಲ್ಲಿ ಹಿಡಿದು ಹರಿದುಹಾಕಿತು.

"ಇವತ್ತ ಸೆರಗು, ನಾಳೆ ಕೈ," ಎಂದ ರಾಜಾರಾಮ. "ಮುಗಳಖೋಡದ ಭೀಮಗೊಂಡಗ ನಾಯಿ ಕೊಡತೇನಿ ಅಂತ ಹೇಳೇನಿ. ಚಾಟಣಿ ಮುಗದ ಮ್ಯಾಲ ಗಾಡಿ ತಂದು ಒಯ್ತಾನ."

ಬಳ್ಳಿ ಸವರುವ ಆ ಚಾಟಣಿ ಆಗಷ್ಟೇ ಆರಂಭವಾಗಿತ್ತು. ಪೀಡೆ ತೊಲಗಿತು ಎಂದೇ ಪದ್ಮವ್ವನೂ ಅಂದುಕೊಂಡಳು. ಆದರೆ ಹುಣ್ಣಿನ ನಾಯಿಯನ್ನು ಪರರ ಮನೆಗೆ ಕಳಿಸುವುದು ಮರ್ಯಾದೆಯಲ್ಲವೆಂದು ಅಥಣಿಯ ದನದ ಡಾಕ್ಟರ ಜಿನೇಂದ್ರನ ಬಳಿಗೆ ಕರೆದೊಯ್ದಳು.

"ಹೊಟ್ಟಿ ತುಂಬ ಹಾಲು ರೊಟ್ಟಿ ಹಾಕ್ತೀನ್ರಿ. ಮತ್ತೇನ ಕಡಿಮಿ ಆಗೈತಿ ಇದಕ್ಕ?"

"ಹೊಟ್ಟಿ ತುಂಬೈತ್ರಿ ಅವ್ವಾರ," ಎಂದ ಡಾಕ್ಟರ ಮುಲಾಮು ಹಚ್ಚುತ್ತ. "ಆದ್ರ ಓಡಿಲ್ಲ, ಮೂಸಿಲ್ಲ, ಹುಡಿಕ್ಯಾಡಿಲ್ಲ. ನಿಮ್ಮನ್ನ ಕುರ್ಚಿಗೆ ಕಟ್ಟಿ ಬರೇ ಹಾಲು ಕುಡಿಸಿದ್ರ ನೀವರೆ ಏನ ಮಾಡ್ತಿದ್ರಿ?"

ಮರುದಿನ ಮುಂಜಾನೆ ಪದ್ಮವ್ವ ಅದನ್ನು ತಂತಿಬೇಲಿಯ ಬೀಳು ಹೊಲಕ್ಕೆ ಕರೆದೊಯ್ದು ಸರಪಳಿ ಬಿಚ್ಚಿದಳು. ಸೋನ್ಯಾ ಕ್ಷಣಕಾಲ ನಂಬಿಕೆ ಬಾರದಂತೆ ನಿಂತು, ಆಮೇಲೆ ಓಡಿತು. ಓಡಿತು ಎಂದರೆ ಏನೂ ಹೇಳಿದಂತಾಗಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತಿತ್ತು, ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಟ್ಟು ಮೇಲೇಳುತ್ತಿದ್ದವು, ಎದ್ದ ಧೂಳು ಇಳಿಯುವಷ್ಟರಲ್ಲಿ ಅದು ಹೊಲದ ಆ ತುದಿ ಮುಟ್ಟಿ ತಿರುಗಿರುತ್ತಿತ್ತು. ಜೀವಮಾನದಲ್ಲಿ ಕೆಲಸದ ಹೊತ್ತಿನಲ್ಲಿ ಕೂರದ ಪದ್ಮವ್ವ ಬದುವಿನ ಮೇಲೆ ಕುಳಿತುಬಿಟ್ಟಳು.

"ಯಪ್ಪಾ, ಇಂಥಾದ್ದನ್ನ ಗೂಟಕ್ಕ ಕಟ್ಟಿದ್ದೆ ನಾನು," ಎಂದಳು. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಆಟ ಶುರು. ಕಬ್ಬಿನ ರವದಿಯ ಒಣಗರಿ ರಾಶಿಯೊಳಗೆ ತಿನಿಸು ಅಡಗಿಸಿಟ್ಟು ಮೂಸಿ ಹುಡುಕಲು ಬಿಡುವುದು, ಹರಿದ ಗೋಣಿಚೀಲಕ್ಕೆ ಗಂಟು ಹಾಕಿ ಜಗ್ಗಾಡುವುದು, ಬಾವಿಯ ಬದಿಯ ಮಣ್ಣನ್ನು ಕೆದರಲೆಂದೇ ಅದಕ್ಕೆ ಬಿಟ್ಟುಕೊಡುವುದು. ಮೊದಲ ಹುರುಪಿನಲ್ಲಿ, ಮನೆಯಲ್ಲಿ ರಾಶಿ ಬಿದ್ದಿದ್ದ ಒಣದ್ರಾಕ್ಷಿಯನ್ನೇ ಅಡಗಿಸಿಡಲು ಹೊರಟಿದ್ದಳು. ಪುಣ್ಯಕ್ಕೆ ಡಾಕ್ಟರನಿಗೆ ಫೋನು ಮಾಡಿ ಕೇಳಿದಳು. ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಗೆ ವಿಷವೆಂದು ಅವನು ಗದರಿದ ಮೇಲೆ ಕೋಟಿನ ಕಿಸೆ ಝಾಡಿಸಿ ಖಡಕ್ ರೊಟ್ಟಿಯ ಚೂರು ತುಂಬಿಕೊಂಡಳು. ಮುದ್ದು ಮಾತ್ರ ಇಲ್ಲ. ತಲೆ ಸವರುವುದು, ಲೊಚಗುಟ್ಟುವುದು ಅವಳ ಜಾಯಮಾನದಲ್ಲೇ ಇಲ್ಲ.

"ಅತ್ತಿ, ನನಗ ಒಂದ ದಿನಾನೂ ಹಿಂಗ ಕಾದಿಲ್ಲ ನೀವು," ಎಂದು ಸೊಸೆ ಶುಭಾಂಗಿ ಕಾಲೆಳೆದಳು.

"ನೀ ಬಾಯಿ ಬಿಟ್ಟು ಕೇಳ್ತಿ. ಅದು ಕೇಳಂಗಿಲ್ಲ," ಎಂದಳು ಪದ್ಮವ್ವ. ಮರುದಿನದಿಂದ, ಸೊಸೆಯ ಚಹ ಮುಗಿಯುವ ಮೊದಲೇ ಕೆಲಸಕ್ಕೆ ಏಳೆಂದು ಒಲೆಯ ಕಡೆ ಕೈಮಾಡಿ ತೋರಿಸುವುದನ್ನು ಬಿಟ್ಟಳಂತೆ.

ಕಾಲಿನ ಹುಣ್ಣು ಮಾಯಿತು, ಪೈಪುಗಳು ಉಳಿದವು. ರಾಜಾರಾಮ ಮಾತ್ರ ಕೊಟ್ಟ ಮಾತು ಹಿಂತೆಗೆಯಲಿಲ್ಲ. ಚಾಟಣಿ ಮುಗಿಯಿತು, ಭೀಮಗೊಂಡ ಗಾಡಿ ತಂದ. ಕಚ್ಚುವ ನಾಯಿಯೆಂದು ಕೇಳಿದ್ದರಿಂದ ಕೈಯಲ್ಲಿ ಮೂತಿಗೆ ಕಟ್ಟುವ ಬಾಯಿಬುಟ್ಟಿಯೂ ಇತ್ತು. ಪದ್ಮವ್ವ ಜಗಳ ತೆಗೆಯಲಿಲ್ಲ, ಕಣ್ಣೀರೂ ಹಾಕಲಿಲ್ಲ. ಸೋನ್ಯಾನನ್ನು ಅಂಗಳಕ್ಕೆ ತಂದು, ಅಪರಿಚಿತ ಗಂಡಸಿನ ಮುಂದೆ, ಬೇಲಿಯಿಲ್ಲದ ಬಯಲಿನೆದುರು, ಸರಪಳಿ ಬಿಚ್ಚಿಬಿಟ್ಟಳು. ಕಚ್ಚಿದರೆ ಅಲ್ಲಿಗೆ ಮುಗಿಯಿತು, ಓಡಿಹೋದರೂ ಮುಗಿಯಿತು.

ಸೋನ್ಯಾ ಬಯಲನ್ನೊಮ್ಮೆ ಸುತ್ತಿ ಬಂತು. ಭೀಮಗೊಂಡನ ಚಪ್ಪಲಿ ಮೂಸಿತು. ಆಮೇಲೆ ರವದಿಯ ರಾಶಿಗೆ ಮೂತಿ ತೂರಿಸಿ, ಜಗತ್ತಿನಲ್ಲಿ ಬೇರೆ ಏನೂ ಇಲ್ಲವೆಂಬಂತೆ ಹುಡುಕತೊಡಗಿತು. ಅಂಥ ತನ್ಮಯತೆಯ ಎದುರು ದೊಡ್ಡವರಿಗೂ ದನಿ ತಗ್ಗುತ್ತದೆ.

"ರಾಜಾರಾಮಣ್ಣ, ಕಚ್ಚೂ ನಾಯಿ ಅಂದಿದ್ದಿ," ಎಂದ ಭೀಮಗೊಂಡ. "ಅದೆಲ್ಲೈತಿ, ತೋರಸು."

ರಾಜಾರಾಮ ಹೆಂಡತಿಯ ಕಿಸೆಗೆ ಕೈಹಾಕಿ ಒಂದು ರೊಟ್ಟಿಯ ಚೂರು ತೆಗೆದುಕೊಂಡು, ಹೋಗಿ, ರಾಶಿಯ ಇನ್ನೊಂದು ಮಗ್ಗುಲಲ್ಲಿ ಬಗ್ಗಿ ಅಡಗಿಸಿಟ್ಟ. ಗಾಡಿ ಖಾಲಿಯಾಗಿ ಮುಗಳಖೋಡಕ್ಕೆ ಮರಳಿತು.

ಮೂಕಪ್ರಾಣಿಗೆ ಅನ್ನ ಹಾಕುವ ಪುಣ್ಯವಂತರು ನಮ್ಮ ಸೀಮೆಯಲ್ಲಿ ಮನೆಗೊಬ್ಬರು ಸಿಗುತ್ತಾರೆ. ಹಾಕಿದ ಅನ್ನಕ್ಕೆ ಬದಲಾಗಿ ಅದು ತಮಗೆ ಬೇಕಾದಂತೆ ಇರಲಿ ಎಂದು ಕೇಳದವರು ಅಪರೂಪ. ಸಾಧುಸಂತರಿಗೆ ತಾಳ್ಮೆ ಹುಟ್ಟಿನಿಂದಲೇ ಬಂದಿರಬಹುದು. ಅವರ ಕಾಲಿಗೆ ಬೀಳುವುದು ಸುಲಭ. ಪದ್ಮವ್ವನಂಥವರು ಆ ತಾಳ್ಮೆಯನ್ನು ಪ್ರತಿ ಮುಂಜಾನೆ ಹೊಸದಾಗಿ, ಹಲ್ಲು ಕಚ್ಚಿಕೊಂಡು, ಒಂದು ನಾಯಿಗಾಗಿ ತಂದುಕೊಳ್ಳುತ್ತಾರೆ.